ಮೀನಿಲ್ಲದ ಕಿಮ್ಚಿ

ಮೊದಲು ಎಂಜಲಿನ ವಿಷಯ ಹೇಳಿಬಿಡ್ತೀನಿ ಸುಮಿತ್ರಕ್ಕ, ನೀವು ಕೇಳೋದು ಅದನ್ನೇ ಅಂತ ಗೊತ್ತು. ಹೌದು, ಕೊರಿಯಾದವರಲ್ಲಿ ಕುದಿಯೋ ಸಾರಿನ ಪಾತ್ರೆ ಮೇಜಿನ ನಡುವೆ ಇರುತ್ತೆ, ಮನೆಮಂದಿ ಎಲ್ಲ ತಮ್ಮ ತಮ್ಮ ಚಮಚ ಅದಕ್ಕೇ ಅದ್ದಿ ಉಣ್ತಾರೆ. ಒಂದೇ ಪಾತ್ರೇಲಿ ಉಂಡರೇನೇ ಅವರಿಗೆ ನಮ್ಮೋರು ಅನ್ನಿಸೋದು. ಆದರೆ ನಮ್ಮನ್ನ ಕರೆದ ದಿನ ಪ್ರತಿ ಬಟ್ಟಲಿಗೂ ಒಂದೊಂದು ಸೌಟು ಇಟ್ಟಿದ್ರು. ಯಾರೂ ಹೇಳಿರಲಿಲ್ಲ, ಅವರೇ ಯೋಚಿಸಿದ್ದು.

ನಾವು ಹೋಗಿದ್ದು ಸುವೊನ್ ಅಂತ, ಸೋಲ್‌ನಿಂದ ದಕ್ಷಿಣಕ್ಕಿರೋ ಊರು. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಮುಖ್ಯ ಕಚೇರಿ ಅಲ್ಲೇ. ಮಗನ ಜೊತೆ ಕೆಲಸ ಮಾಡೋ ಹುಡುಗ, ಅವನ ಹೆಂಡತಿ ಊಟಕ್ಕೆ ಕರೆದಿದ್ರು. ನಮ್ಮ ಜೊತೆ ತಾಷ್ಕೆಂಟಿನ ಗಂಡ ಹೆಂಡತಿ, ವಿಯೆಟ್ನಾಮಿನ ಒಬ್ಬಳು ಹುಡುಗಿ. ಕರೆಯುವಾಗಲೇ ಮನೆಯೊಡತಿ ಯಾರು ಏನು ತಿನ್ನೋದಿಲ್ಲ ಅಂತ ಕೇಳಿ ಬರ್ಕೊಂಡಿದ್ದಳು. ತಾಷ್ಕೆಂಟಿನವನಿಗೆ ಹಂದಿ ಆಗದು, ನನಗೆ ಮಾಂಸ ಮೀನು ಎರಡೂ ಆಗದು.

ಕಿಮ್ಚಿ ಬರೀ ಎಲೆಕೋಸಿನ ಉಪ್ಪಿನಕಾಯಿ ಅಂದ್ಕೊಂಡಿದ್ದೀರಾ? ಅದರಲ್ಲಿ ಉಪ್ಪಿನಲ್ಲಿ ಹುದುಗಿಸಿದ ಸೀಗಡಿ, ಮೀನಿನ ರಸ ಸೇರಿರುತ್ತೆ, ಕಣ್ಣಿಗೆ ಕಾಣೋದಿಲ್ಲ. ಚಳಿಗಾಲಕ್ಕೆ ಮುಂಚೆ ಮನೆಮಂದಿ, ಅಕ್ಕಪಕ್ಕದವರು ಸೇರಿ ಇಡೀ ಚಳಿಗಾಲಕ್ಕಾಗೋ ಕಿಮ್ಚಿ ಹಾಕ್ತಾರಲ್ಲ, ಕಿಮ್ಜಾಂಗ್ ಅಂತ, 2013ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು, ಅದರಲ್ಲೂ ಇದೇ ಹದ. ನನಗೋಸ್ಕರ ಅವಳು ಬೇರೆಯಾಗಿ ಹಾಕಿದ್ಲು. ಅವರ ಬೌದ್ಧ ಮಠಗಳಲ್ಲಿ ಮೀನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ನಮ್ಮ ಮಡಿ ಅಡುಗೆ ಥರ. ಆ ಕ್ರಮ ನೋಡಿ ಅಣಬೆ, ಸಮುದ್ರದ ಪಾಚಿ ಕುದಿಸಿದ ನೀರಲ್ಲಿ ಖಾರ ಕಲಸಿದ್ದಳು. ಹುಳಿ ಬರೋಕೆ ದಿನಗಳು ಬೇಕು ಸುಮಿತ್ರಕ್ಕ. ಅಂದ್ರೆ ನಾನು ಬಾಗಿಲು ತಟ್ಟೋಕೆ ಎಷ್ಟೋ ಮೊದಲೇ ನನ್ನ ಊಟ ಅವರ ಫ್ರಿಜ್ಜಿನಲ್ಲಿ ಹುಳಿ ಬರ್ತಾ ಇತ್ತು. ಇದಕ್ಕಿಂತ ದೊಡ್ಡ ಉಪಚಾರ ನಾನು ಕಂಡಿಲ್ಲ.

ಆದರೆ ಆ ರಾತ್ರಿ ಎಲ್ಲರ ಬಾಯಿ ಕಟ್ಟಿಸಿದ್ದು ತಾಷ್ಕೆಂಟಿನವಳು ತಂದ ಕ್ಯಾರೆಟ್. ಅವಳ ಮೂಲವೂ ಕೊರಿಯಾನೇ. ಅವಳ ಮುತ್ತಜ್ಜಿ ಕಾಲದಲ್ಲಿ ಅವರೆಲ್ಲ ರಷ್ಯಾದ ಪೂರ್ವದ ತುದೀಲಿ ಬೇಸಾಯ ಮಾಡ್ಕೊಂಡಿದ್ರಂತೆ. 1937ರಲ್ಲಿ ಸ್ಟಾಲಿನ್ ಆಜ್ಞೆ ಆಯ್ತು. ಸುಮಾರು 1,70,000 ಜನರನ್ನ ರೈಲಿಗೆ ತುಂಬಿ ಉಜ್ಬೇಕಿಸ್ತಾನ, ಕಜಾಕಿಸ್ತಾನದ ಬಯಲಲ್ಲಿ ಇಳಿಸಿದ್ರು. ದಾರೀಲೇ ಎಷ್ಟೋ ಕೂಸುಗಳು, ಮುದುಕರು ಸತ್ತರು. ಅಲ್ಲಿ ಕಿಮ್ಚಿಯ ಎಲೆಕೋಸು ಸಿಗ್ತಿರಲಿಲ್ಲ. ಸಿಗ್ತಿದ್ದದ್ದು ಕ್ಯಾರೆಟ್. ಅದನ್ನೇ ಎಳೆ ಎಳೆಯಾಗಿ ಹೆಚ್ಚಿ, ಬೆಳ್ಳುಳ್ಳಿ, ಖಾರದಪುಡಿ, ವಿನಿಗರ್, ಕುಟ್ಟಿದ ಕೊತ್ತಂಬರಿ ಬೀಜ ಹಾಕಿ, ಮೇಲೆ ಕಾದ ಎಣ್ಣೆ ಸುರಿದ್ರು. ಮನೆಯೊಡತಿ ಒಂದೊಂದೇ ಎಳೆ ತಿಂದು, ಎದ್ದು ಅವಳ ಕೈ ಹಿಡ್ಕೊಂಡಳು. ನನಗೂ ಗಂಟಲು ಕಟ್ಟಿತು.

ಯಾಕೋ, ಅಸಲು ಯಾವುದು, ಕಲಬೆರಕೆ ಯಾವುದು ಅಂತ ಅಡುಗೇಲಿ ಜಗಳ ಆಡೋರನ್ನ ಕಂಡ್ರೆ ನನಗೆ ಬೇಜಾರು. ಮೆಣಸಿನಕಾಯಿ ಅಮೆರಿಕದಿಂದ ಬರೋವರೆಗೆ ಕಿಮ್ಚಿಗೆ ಆ ಕೆಂಪು ಎಲ್ಲಿತ್ತು? ನಮ್ಮ ಸಾರಿಗೆ ತಾನೇ ಎಲ್ಲಿತ್ತು?

ನಾನು ಇಲ್ಲಿಂದ ಬಾಳಕದ ಮೆಣಸಿನಕಾಯಿ ಒಯ್ದಿದ್ದೆನಲ್ಲ, ಅಲ್ಲೇ ಕರಿದು ಕೊಟ್ಟೆ. ಅವರಲ್ಲೂ ಹಸಿಮೆಣಸಿನಕಾಯಿಗೆ ಹಿಟ್ಟು ಹಚ್ಚಿ, ಹಬೇಲಿ ಬೇಯಿಸಿ, ಒಣಗಿಸಿ ಕರೀತಾರಂತೆ. ಗೊಚು ಬುಗಾಕ್ ಅಂತ ಹೆಸರು. ನಾವು ಮಜ್ಜಿಗೇಲಿ ನೆನೆಸ್ತೀವಿ ಅಂದದ್ದಕ್ಕೆ ಆ ಹುಡುಗ ಕಾಗದ ತಂದು ಬರ್ಕೊಂಡ. ವಿಯೆಟ್ನಾಮಿನ ಹುಡುಗಿ ಬಟ್ಟಲು ಖಾಲಿ ಮಾಡಿದಳು.

ಇನ್ನೊಂದು ವಿಷಯ: ಹಿರಿಯರು ಚಮಚ ಎತ್ತೋವರೆಗೆ ಯಾರೂ ಮುಟ್ಟೋ ಹಾಗಿಲ್ಲ. ಅಲ್ಲಿ ಎಲ್ಲರಿಗಿಂತ ದೊಡ್ಡೋಳು ನಾನೇ! ಅನ್ನದಲ್ಲಿ ಊಟದ ಕಡ್ಡಿ ನೆಟ್ಟಗೆ ಚುಚ್ಚಬಾರದು, ಅದು ಸತ್ತವರಿಗೆ ಎಡೆ ಇಟ್ಟ ಹಾಗೆ ಅಂತ ಮಗ ಮೊದಲೇ ಹೇಳಿಕೊಟ್ಟಿದ್ದ.

ನಾಳೆ ಆ ಕ್ಯಾರೆಟ್ ಮಾಡ್ತೀನಿ, ಒಂದು ಡಬ್ಬಿ ಈ ಬೇಲಿ ಮೇಲಿಂದಲೇ ಕೊಡ್ತೀನಿ. ನಿಮ್ಮತ್ತೆಗೆ ಬೆಳ್ಳುಳ್ಳಿ ನಡೆಯಲ್ಲ ಅಲ್ವಾ? ಅವರದ್ದು ಮೊದಲೇ ಬೇರೆ ಕಲಸಿ ಇಡ್ತೀನಿ. ಖಾರ ಎಷ್ಟು ಹಾಕಲಿ, ಅದನ್ನ ಹೇಳಿ.