ಯೇವಲಾ ಮೀಮಾಂಸೆ: ಎಚ್‌ಟಿಟಿಪಿ ಸಂಪರ್ಕಗಳ ಉತ್ಪತ್ತಿ, ಸ್ಥಿತಿ, ಲಯಗಳ ವಿಚಾರ

ನಾಸಿಕ್ ಜಿಲ್ಲೆಯ ಯೇವಲಾವನ್ನು ಇತಿಹಾಸಕಾರರು ಎರಡು ಕಾರಣಕ್ಕೆ ನೆನೆಯುತ್ತಾರೆ. 1857ರ ಸೇನಾನಿ ತಾತ್ಯಾ ಟೋಪೆಯ ಹುಟ್ಟೂರು ಇದು. 1935ರ ಅಕ್ಟೋಬರ್ 13ರಂದು ಡಾ. ಅಂಬೇಡ್ಕರರು ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದ್ದೂ ಇಲ್ಲೇ. ಎರಡೂ ದೊಡ್ಡ ಸಂಗತಿಗಳು. ಅವುಗಳ ತಂಟೆಗೆ ಈ ಪ್ರಬಂಧ ಹೋಗುವುದಿಲ್ಲ. ನಮ್ಮ ತಕರಾರು ಇಷ್ಟೇ: ಮೂರನೆಯ ಕಾರಣವೊಂದು ಊರಿನ ಮನೆಮನೆಯ ಮಗ್ಗದ ಮೇಲೆ ಹಾಸಿಕೊಂಡು ಕೂತಿದ್ದರೂ ವಿದ್ವಾಂಸರ ಕಣ್ಣಿಗೆ ಬಿದ್ದಿಲ್ಲ. ಸ್ಟ್ರೀಮ್ ಆಧಾರಿತ ಲೈಬ್ರರಿಯಲ್ಲಿ ಸರ್ವರ್ ಮತ್ತು ಕ್ಲೈಂಟ್ ಸಂಪರ್ಕಗಳನ್ನು ಹೇಗೆ ತೆರೆಯಬೇಕು, ಹೇಗೆ ಕಾಪಾಡಬೇಕು, ಹೇಗೆ ಮುಗಿಸಬೇಕು ಎಂಬ ಶಾಸ್ತ್ರವೆಲ್ಲ ಯೇವಲಾದ ಪೈಠಣಿ ಸೀರೆಯ ಮಗ್ಗದಲ್ಲಿ ಅಡಗಿದೆ. ಅಕ್ಕಾ, ಪೆಕ್ಕೊ ಮೊದಲಾದ ಲೈಬ್ರರಿಗಳನ್ನು ಬರೆದವರು ಅದಕ್ಕೆ ತಡವಾಗಿ ಭಾಷ್ಯ ಬರೆದರು, ಅದೂ ಮೂಲ ಗೊತ್ತಿಲ್ಲದೆ. ಶಾಸ್ತ್ರದ ಸಾರ ಒಂದೇ ಸೂತ್ರ: ಬಂದದ್ದನ್ನು ಪೂರ್ತಿ ಎಳೆದುಕೊಳ್ಳಬೇಕು, ಇಲ್ಲವೇ ಬೇಡವೆಂದು ಬಾಯಿಬಿಟ್ಟು ಹೇಳಬೇಕು, ಸುಮ್ಮನಿರುವಂತಿಲ್ಲ.

ಮರಾಠಿ ಊರಿನ ಮಗ್ಗದ ಬಗ್ಗೆ ಕನ್ನಡದಲ್ಲಿ ಮೀಮಾಂಸೆ ಬರೆಯಲು ಯಾವ ಅಧಿಕಾರವೆಂಬ ಪ್ರಶ್ನೆ ಮೊದಲೇ ಏಳುತ್ತದೆ. ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಗಡಿಯನ್ನು ಗೋದಾವರಿಗೆ ತಂದು ನಿಲ್ಲಿಸಿದೆ. ಗೋದಾವರಿ ಹರಿಯುವುದು ಕೋಪರ್‌ಗಾಂವ್‌ನಲ್ಲಿ. ಅಲ್ಲಿಂದ ಉತ್ತರಕ್ಕೆ ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಯೇವಲಾ. ಅಂದರೆ ಆ ಗ್ರಂಥದ ಕರ್ತೃ ಶ್ರೀವಿಜಯ ಇನ್ನೊಂದು ತಾಸು ಉದಾರನಾಗಿದ್ದರೆ ಈ ಆಕ್ಷೇಪಕ್ಕೆ ಜಾಗವೇ ಇರುತ್ತಿರಲಿಲ್ಲ. ಇದು ದುರ್ಬಲ ಪ್ರಮಾಣವೆನ್ನುವವರಿಗೆ ಪ್ರಬಲವಾದುದೊಂದಿದೆ. ಪೈಠಣಿಯ ಜರಿ ಬರುವುದು ಸೂರತ್ತಿನಿಂದ, ರೇಷ್ಮೆ ನೂಲು ಬರುವುದು ಬೆಂಗಳೂರಿನಿಂದ. ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳಿಂದ ಹೊರಟ ಹರಿವು ಯೇವಲಾದಲ್ಲಿ ಸೆರಗಾಗುತ್ತದೆ. ಸ್ಟ್ರೀಮ್ ಪರಿಭಾಷೆಯಲ್ಲಿ ಇದಕ್ಕೆ ಸೋರ್ಸ್ ಮತ್ತು ಸಿಂಕ್ ಎನ್ನುತ್ತಾರೆ. ಸೋರ್ಸ್ ನಮ್ಮದು, ಅಧಿಕಾರ ಸಿದ್ಧವಾಯಿತು.

ಇನ್ನು ಲಕ್ಷಣ. ಅಕ್ಕಾ ಎಚ್‌ಟಿಟಿಪಿಯಲ್ಲಿ ಸರ್ವರ್ ಎಂದರೆ ಬರುವ ಸಂಪರ್ಕಗಳದೇ ಒಂದು ಸ್ಟ್ರೀಮು. ಪ್ರತಿ ಸಂಪರ್ಕದೊಳಗೆ ಕೋರಿಕೆಗಳ ಸ್ಟ್ರೀಮು, ಪ್ರತಿ ಕೋರಿಕೆಯ ಒಡಲಿನಲ್ಲಿ ಬೈಟುಗಳ ಸ್ಟ್ರೀಮು. ಹರಿವಿನೊಳಗೆ ಹರಿವು, ಅದರೊಳಗೆ ಮತ್ತೊಂದು. ಇವನ್ನೆಲ್ಲ ಜೋಡಿಸಿ ಪ್ರೋಗ್ರಾಮರ್ ಬರೆದಿಡುವುದು ಬರೀ ನಕ್ಷೆ. ಅದನ್ನು ರನ್ ಮಾಡುವವರೆಗೆ ಒಂದು ಬೈಟೂ ಅಲುಗದು. ಗ್ರಾಫ್ ಕಾಗದದ ಮೇಲೆ ಬರೆದ ಬಳೆಯೊಳಗಿನ ನವಿಲು ತಾನಾಗಿ ನೆಯ್ದುಕೊಳ್ಳುವುದಿಲ್ಲ ಎಂಬುದು ಯೇವಲಾದ ಮಕ್ಕಳಿಗೂ ಗೊತ್ತು. ಹೊಸ ಪ್ರೋಗ್ರಾಮರುಗಳಿಗೆ ಇದನ್ನು ಪ್ರತಿ ವರ್ಷ ಹೊಸದಾಗಿ ಹೇಳಬೇಕಾಗುತ್ತದೆ. ಸರ್ವರ್‌–ಕ್ಲೈಂಟ್ ಸಂಬಂಧಕ್ಕಂತೂ ಪೈಠಣಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅಸಲಿ ಪೈಠಣಿಯನ್ನು ಗುರುತಿಸುವವರು ಸೆರಗನ್ನು ಮಗುಚಿ ನೋಡುತ್ತಾರೆ: ನಕಲಿಯಾದರೆ ಹಿಂಬದಿಯಲ್ಲಿ ಕತ್ತರಿಸಿದ ನೂಲು ಜೋತಾಡುತ್ತಿರುತ್ತದೆ, ಅಸಲಿಯಾದರೆ ಆ ಕಡೆಯೂ ಅದೇ ನವಿಲು, ಅದೇ ಗಿಳಿ, ಮುಖ ಮಾತ್ರ ತಿರುಗಿರುತ್ತದೆ. ಕ್ಲೈಂಟಿನ ಸಂಪರ್ಕ ಕೋರಿಕೆಯನ್ನು ಒಳಗೆ ತೆಗೆದುಕೊಂಡು ಉತ್ತರವನ್ನು ಹೊರಗೆ ಕೊಡುವ ಹರಿವು. ಸರ್ವರಿನ ಸಂಪರ್ಕ ಉತ್ತರವನ್ನು ಒಳಗೆ ತೆಗೆದುಕೊಂಡು ಕೋರಿಕೆಯನ್ನು ಹೊರಗೆ ಕೊಡುವ ಹರಿವು. ಒಂದೇ ಬಟ್ಟೆಯ ಎರಡು ಮೈ. ಇವೆರಡನ್ನು ಬೇರೆಬೇರೆ ವಿದ್ಯೆಗಳೆಂದು ಬೇರೆಬೇರೆ ಅಧ್ಯಾಯಗಳಲ್ಲಿ ಕಲಿಸುವವರು ಸೀರೆಯನ್ನು ಮಗುಚಿ ನೋಡಿಲ್ಲ, ಅಷ್ಟೆ.

ಈಗ ಸಿದ್ಧಾಂತದ ಹೃದಯಕ್ಕೆ ಬರೋಣ. ಮಗ್ಗದಲ್ಲಿ ನೇಕಾರರು ನಾಲ್ಕು ಬೆರಳು ನೆಯ್ದ ಮೇಲೆ ನೆಯ್ದ ಬಟ್ಟೆಯನ್ನು ಮುಂದಿನ ಮರಕ್ಕೆ ಸುತ್ತಿಕೊಳ್ಳಬೇಕು. ಸುತ್ತದಿದ್ದರೆ ಹಣಿಗೆ ಆಡಲು ಜಾಗವಿಲ್ಲ, ಲಾಳಿ ತೂರಲು ಸಂದಿಯಿಲ್ಲ. ಹಿಂದಿನ ಮರದಲ್ಲಿ ಎಷ್ಟು ಹಾಸು ಉಳಿದಿದ್ದರೂ ಒಂದೆಳೆ ಮುಂದೆ ಬಾರದು. ಬೇಡಿಕೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ನೂಲು ಮೇಲಿನಿಂದ ಕೆಳಕ್ಕೆ ಬರುತ್ತದೆ. 2015ರ ಏಪ್ರಿಲ್‌ನಲ್ಲಿ ಹೊರಬಂದ ರಿಯಾಕ್ಟಿವ್ ಸ್ಟ್ರೀಮ್ಸ್ 1.0 ಇದನ್ನೇ ನಿಯಮ ಮಾಡಿ ಬ್ಯಾಕ್‌ಪ್ರೆಶರ್ ಎಂದಿತು: ಪಡೆಯುವವನು ಇಷ್ಟು ಬೇಕೆಂದು ಕೇಳದೆ ಕೊಡುವವನು ಒಂದನ್ನೂ ಕೊಡಕೂಡದು. ಇದರ ಫಲ ಎಚ್‌ಟಿಟಿಪಿ ಕ್ಲೈಂಟಿನಲ್ಲಿ ಕಠೋರವಾಗಿ ಕಾಣುತ್ತದೆ. ಉತ್ತರದ ತಲೆಬರಹದಲ್ಲಿ 200 ಎಂಬ ಅಂಕಿ ಕಂಡೊಡನೆ ಪ್ರೋಗ್ರಾಮರ್ ಸಂತುಷ್ಟನಾಗಿ ಒಡಲನ್ನು ಓದದೆ ಎದ್ದುಹೋಗುತ್ತಾನೆ. ಅವನ ಪಾಲಿಗೆ ಕೆಲಸ ಮುಗಿದಿದೆ. ಸಂಪರ್ಕದ ಪಾಲಿಗೆ ಅರ್ಧ ನೆಯ್ದ ಸೀರೆ ಮಗ್ಗದ ಮೇಲೇ ಇದೆ. ಯಾರೂ ಕೇಳುತ್ತಿಲ್ಲವಾದ್ದರಿಂದ ಬೈಟುಗಳು ಬರುವುದಿಲ್ಲ, ಬೈಟುಗಳು ಮುಗಿಯದ್ದರಿಂದ ಸಂಪರ್ಕ ಬಿಡುಗಡೆಯಾಗುವುದಿಲ್ಲ. ಸಂಪರ್ಕಗಳನ್ನು ಕೂಡಿಟ್ಟ ಪೂಲಿನಲ್ಲಿ ಒಂದು ಹೋಸ್ಟ್‌ಗೆ ಲೈಬ್ರರಿಯವರು ತಾವಾಗಿ ಕೊಟ್ಟಿರುವುದು 4 ಸಂಪರ್ಕ. ನಾಲ್ಕು ಸಲ ಹೀಗೆ ಎದ್ದುಹೋದರೆ ನಾಲ್ಕೂ ಮಗ್ಗ ಹಿಡಿದುಕೊಂಡವು. ಹಿಂದೆ ಸಾಲುಗಟ್ಟಿದ ಕೋರಿಕೆಗಳು 32 ದಾಟಿದೊಡನೆ ಬಫರ್ ತುಂಬಿತೆಂಬ ದೋಷ ಬರುತ್ತದೆ. ಪ್ರೋಗ್ರಾಮರ್ ಆ ಅಂಕಿಯನ್ನು 64 ಮಾಡಿ, 128 ಮಾಡಿ, ಊರೆಲ್ಲ ಮಗ್ಗ ಹೂಡಿದರೂ ನೆಯ್ಗೆ ಯಾಕೆ ಸಾಗುತ್ತಿಲ್ಲವೆಂದು ತಲೆ ಕೆರೆದುಕೊಳ್ಳುತ್ತಾನೆ. ಈಚಿನ ಆವೃತ್ತಿಗಳು ದಯೆ ತೋರಿ, 1 ಸೆಕೆಂಡಿನೊಳಗೆ ಒಡಲನ್ನು ಓದಲು ಶುರು ಮಾಡದಿದ್ದರೆ ಸಂಪರ್ಕವನ್ನು ಕತ್ತರಿಸಿ, ಒಂದೋ ಓದು, ಇಲ್ಲವೇ ಎಸೆಯಲು ಹೇಳು ಎಂದು ಲಾಗಿನಲ್ಲಿ ಬೈದು ಬರೆಯುತ್ತವೆ. ಎಸೆಯಲಿಕ್ಕೂ ಒಂದು ಕರೆ ಇದೆ: ಡಿಸ್ಕಾರ್ಡ್ ಬೈಟ್ಸ್. ಬೇಡವಾದದ್ದನ್ನೂ ವಿಧಿವತ್ತಾಗಿ ಬೇಡವೆನ್ನಬೇಕು ಎಂಬ ನಮ್ಮ ಸೂತ್ರಕ್ಕೆ ಇದಕ್ಕಿಂತ ನೇರ ಪ್ರಮಾಣ ಸಿಗದು. ಇಲ್ಲೊಂದು ಸೂಕ್ಷ್ಮವಿದೆ. ಚಿಕ್ಕ ಉತ್ತರಗಳು ಒಂದೇ ಏಟಿಗೆ ಮೆಮೊರಿಗೆ ಬಂದುಬಿಟ್ಟರೆ ಈ ರೋಗ ಕಾಣಿಸಿಕೊಳ್ಳುವುದಿಲ್ಲ. ಹಾಗಾಗಿ ಟೆಸ್ಟಿಂಗಿನ ಕರ್ಚೀಫುಗಳೆಲ್ಲ ಸಲೀಸಾಗಿ ನೆಯ್ದು ಮುಗಿಯುತ್ತವೆ; ಪ್ರೊಡಕ್ಷನ್ನಿನಲ್ಲಿ ಒಂಬತ್ತು ಗಜ ಬಂದಾಗ ಮಗ್ಗ ನಿಲ್ಲುತ್ತದೆ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ಇಷ್ಟು ರಗಳೆ ಯಾಕೆ, ಪ್ರತಿ ಕೋರಿಕೆಗೂ ಹೊಸ ಸಂಪರ್ಕ ತೆರೆದು, ಕೆಲಸ ಮುಗಿದೊಡನೆ ಮುಚ್ಚಿದರಾಯಿತಲ್ಲ? ಈ ಪಕ್ಷ ನಿರಾಧಾರವಲ್ಲ. 1996ರ ಎಚ್‌ಟಿಟಿಪಿ 1.0ರಲ್ಲಿ ರೂಢಿ ಹಾಗೆಯೇ ಇತ್ತು. ಅದಕ್ಕೊಂದು ಕನ್ನಡ ಸಂಪ್ರದಾಯವೂ ಇದೆ. ಇಳಕಲ್ಲಿನಲ್ಲಿ ಒಂದೊಂದು ಸೀರೆಗೂ ಬೇರೆ ಹಾಸು ಮಾಡುತ್ತಾರೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಪ್ರತ್ಯೇಕವಾಗಿ ಹೂಡಿ, ಎಳೆಗೆ ಎಳೆ ಕುಣಿಕೆ ಹಾಕಿ ಕೊಂಡಿ ಕೂಡಿಸುತ್ತಾರೆ. ಆ ಕೊಂಡಿಯ ಚೆಲುವನ್ನು ಯಾರೂ ಅಲ್ಲಗಳೆಯರು. ಅದರ ಶ್ರಮವನ್ನೂ ಅಲ್ಲಗಳೆಯಲಾಗದು. ಟಿಸಿಪಿಯ ಕೈಕುಲುಕಾಟಕ್ಕೆ ಒಂದು ಸಲ ಹೋಗಿಬರಬೇಕು. ಮೇಲೆ ಟಿಎಲ್‌ಎಸ್ 1.2 ಇದ್ದರೆ ಮತ್ತೆರಡು ಸಲ, 2018ರ 1.3 ಇದ್ದರೆ ಮತ್ತೊಂದು ಸಲ. ಒಂದು ಹನಿ ದತ್ತಾಂಶ ಹರಿಯುವ ಮೊದಲೇ ಇಷ್ಟು ಕುಣಿಕೆ. ಆದ್ದರಿಂದಲೇ 1997ರಲ್ಲಿ ಮೊದಲು ಪ್ರಕಟವಾದ 1.1, ಸಂಪರ್ಕವನ್ನು ತೆರೆದಿಟ್ಟುಕೊಳ್ಳುವುದನ್ನೇ ಸಹಜವೆಂದು ಮಾಡಿತು: ಪೈಠಣಿಯಂತೆ, ಒಂದೇ ಹಾಸಿನಲ್ಲಿ ಒಡಲೂ ಸೆರಗೂ. 2015ರ ಮೇ ತಿಂಗಳ ಎಚ್‌ಟಿಟಿಪಿ 2 ಇನ್ನೂ ಒಳಗೆ ಹೋಯಿತು. ಪೈಠಣಿಯ ಸೆರಗಿನಲ್ಲಿ ಒಂದೇ ಲಾಳಿ ಅಂಚಿನಿಂದ ಅಂಚಿಗೆ ಓಡುವುದಿಲ್ಲ. ಬಣ್ಣಕ್ಕೊಂದರಂತೆ ಪುಟ್ಟ ಕಂಡಿಕೆಗಳು ತಮ್ಮತಮ್ಮ ಜಾಗದಲ್ಲೇ ಹೊಕ್ಕು ಹೊರಟು, ನೆರೆಯ ಬಣ್ಣದ ಎಳೆಯನ್ನು ತಬ್ಬಿ ಹಿಂದಿರುಗುತ್ತವೆ. ಒಂದೇ ಸಂಪರ್ಕದ ಮೇಲೆ ಹಲವು ಸ್ಟ್ರೀಮು, ಪ್ರತಿಯೊಂದಕ್ಕೂ ಅದರದೇ ಸಂಖ್ಯೆ, ಅದರದೇ ಬೇಡಿಕೆಯ ಕಿಂಡಿ, ಆ ಕಿಂಡಿಯ ಮೊದಲ ಅಳತೆ 65,535 ಬೈಟು. ಕೆಂಪಿನ ಕಂಡಿಕೆ ತಡವಾದರೆ ಹಸಿರಿನದು ಕಾಯಬೇಕಿಲ್ಲ. ಆದರೆ ಹಾಸೇ ತುಂಡಾದರೆ ಎರಡೂ ನಿಂತವು. ಈ ಎರಡನೆಯ ಸಂಕಟಕ್ಕಾಗಿಯೇ ಎಚ್‌ಟಿಟಿಪಿ 3 ಹುಟ್ಟಿತು. ಅದು ಟಿಸಿಪಿ ಎಂಬ ಹಾಸನ್ನೇ ಬಿಟ್ಟುಕೊಟ್ಟಿತಾದ್ದರಿಂದ ನಮ್ಮ ಸಿದ್ಧಾಂತಕ್ಕೆ ಅನಾನುಕೂಲ. ಅನಾನುಕೂಲವಾದ ಪ್ರಮಾಣಗಳನ್ನು ವಿದ್ವತ್ ಸಂಪ್ರದಾಯದಂತೆ ಮುಂದಿನ ಸಂಪುಟಕ್ಕೆ ಬಿಡಲಾಗಿದೆ.

ಎರಡನೆಯ ಪೂರ್ವಪಕ್ಷಿ ಹೆಚ್ಚು ಓದಿದವನು. ಮಗ್ಗಕ್ಕೂ ಕಂಪ್ಯೂಟರಿಗೂ ನಂಟು ಕಟ್ಟುವುದು ಹಳೇ ಕಥೆ, 1804ರ ಜಕಾರ್ಡ್‌ನಿಂದ ಬ್ಯಾಬೇಜ್‌ಗೆ ಆ ಕೀರ್ತಿ ಎಂದೋ ಸಂದಾಯವಾಗಿದೆ, ಫ್ರಾನ್ಸಿನ ಲಿಯೋನ್ ಇರುವಾಗ ಯೇವಲಾ ಏಕೆ ಎನ್ನುತ್ತಾನೆ. ಉತ್ತರ: ಜಕಾರ್ಡ್‌ನ ತೂತು ಕಾರ್ಡು ನಮೂನೆಯನ್ನು ನೆನಪಿಡುತ್ತದೆ, ಬೇಡಿಕೆಯನ್ನಲ್ಲ. ಅದು ಪ್ರೋಗ್ರಾಮಿನ ತಂದೆಯಾಗಬಹುದು, ಸಂಪರ್ಕದ ತಂದೆಯಾಗದು. ಕೈಯಲ್ಲಿ ನೆಯ್ದ ಸೆರಗಿನಲ್ಲಿ ಪ್ರತಿ ಎಳೆಯೂ ಈಗ ಹೋಗಲೇ, ಕಾಯಲೇ ಎಂದು ಕೇಳಿಯೇ ಹೋಗುತ್ತದೆ. ಅಷ್ಟಕ್ಕೂ ಯೇವಲಾದಲ್ಲೂ ಸೆಮಿ-ಪೈಠಣಿಗೆ ಜಕಾರ್ಡ್ ಉಂಟು; ಅದನ್ನು ಅಲ್ಲಿನವರು ಸೆಮಿ ಎಂದು ಕರೆಯುವುದರಲ್ಲೇ ತೀರ್ಪು ಇದೆ.

ಲಯದ ವಿಚಾರದಲ್ಲಿ ಶಾಸ್ತ್ರ ಇನ್ನೂ ಕಟ್ಟುನಿಟ್ಟು. ಸುಮ್ಮನಿರುವ ಸಂಪರ್ಕವನ್ನು ಯಾರು ಮೊದಲು ಮುಚ್ಚಬೇಕು? ನೋಡ್ ಜೆಎಸ್‌ನ ಸರ್ವರ್ ಬಹುಕಾಲ 5 ಸೆಕೆಂಡು ಸುಮ್ಮನಿದ್ದರೆ ಬಾಗಿಲು ಹಾಕುತ್ತಿತ್ತು. ಅದರ ಮುಂದೆ ನಿಂತ ಅಮೆಜಾನ್‌ನ ಲೋಡ್ ಬ್ಯಾಲೆನ್ಸರ್ 60 ಸೆಕೆಂಡು ಬಾಗಿಲು ತೆರೆದಿದೆಯೆಂದೇ ನಂಬಿರುತ್ತದೆ. ನಂಬಿಕೆಗೂ ನಿಜಕ್ಕೂ ನಡುವಿನ 55 ಸೆಕೆಂಡಿನಲ್ಲಿ ಬಂದ ಗಿರಾಕಿಗೆ 502 ಸಿಗುವ ಅಪಾಯ. ಹಾಗಾಗಿ ಕೋರಿಕೆ ಕಳಿಸುವವನು ಮೊದಲು ಮುಚ್ಚಬೇಕು, ಪಡೆಯುವವನು ಅವನಿಗಿಂತ ತುಸು ಹೆಚ್ಚು ಕಾಯಬೇಕು. ಮುಚ್ಚಿದ ಬಾಗಿಲಿಗೆ ಬಡಿದು ಬಿದ್ದ ಕೋರಿಕೆಯನ್ನು ಮತ್ತೆ ಕಳಿಸಬಹುದೇ? ಅಕ್ಕಾದ ಪೂಲು 5 ಸಲ ಮತ್ತೆ ಯತ್ನಿಸುತ್ತದೆ, ಆದರೆ ಎಷ್ಟು ಸಲ ಮಾಡಿದರೂ ಫಲ ಒಂದೇ ಆಗಿರುವ ಗೆಟ್‌ನಂಥ ಕೋರಿಕೆಗಳಿಗೆ ಮಾತ್ರ. ಪೋಸ್ಟ್‌ಗೆ ಆ ಭಾಗ್ಯವಿಲ್ಲ. ನೆಯ್ದ ನವಿಲನ್ನು ಎಷ್ಟು ಸಲ ನೋಡಿದರೂ ನವಿಲು ಒಂದೇ. ಎರಡು ಸಲ ನೆಯ್ದರೆ ಒಂದೇ ಬಳೆಯಲ್ಲಿ ಎರಡು ನವಿಲು, ಮತ್ತು ಮದುವೆ ಮನೆಯಲ್ಲಿ ಜಗಳ. ಸರ್ವರನ್ನು ನಿಲ್ಲಿಸುವಾಗಲೂ ಕ್ರಮ ಇದೇ: ಮೊದಲು ಹೊಸ ಸಂಪರ್ಕ ಒಪ್ಪಿಕೊಳ್ಳುವುದನ್ನು ನಿಲ್ಲಿಸಬೇಕು, ಕೈಯಲ್ಲಿರುವುದನ್ನು ಗಡುವಿನೊಳಗೆ ಮುಗಿಸಬೇಕು, ಮುಗಿಯದ್ದಕ್ಕೆ 503 ಎಂದು ಹೇಳಿ ಕಳಿಸಬೇಕು. ಪ್ಲಗ್ ಕೀಳುವುದು ಮಗ್ಗದ ಮೇಲಿನ ಸೀರೆಗೆ ಕತ್ತರಿ ಹಾಕಿದ ಹಾಗೆ.

ವಂಶಾವಳಿಯ ಪ್ರಶ್ನೆಯನ್ನು ಬೇಗ ಮುಗಿಸೋಣ. ಸೀರೆಯ ಹೆಸರು ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ್ದು, ನೇಯ್ಗೆಯ ಸದ್ದು ಹೆಚ್ಚು ಕೇಳುವುದು ಯೇವಲಾದಲ್ಲಿ. ಲೈಬ್ರರಿಯಲ್ಲೂ ಹಾಗೆಯೇ: 2022ರ ಸೆಪ್ಟೆಂಬರ್‌ನಲ್ಲಿ ಅಕ್ಕಾದ ಪರವಾನಗಿ ಮುಕ್ತತೆಯನ್ನು ಬಿಟ್ಟಾಗ ಹಳೆಯ ಮುಕ್ತ ಕೋಡನ್ನು ಹೊತ್ತು ಅಪಾಚೆಯ ನೆರಳಿನಲ್ಲಿ ಪೆಕ್ಕೊ ಎದ್ದಿತು, 2023ರಲ್ಲಿ ಅದರ 1.0 ಬಂತು. ಹೆಸರು ಒಂದು ಕಡೆ, ಮಗ್ಗ ಇನ್ನೊಂದು ಕಡೆ ಆಗುವುದು ಒಳ್ಳೆಯ ನೇಯ್ಗೆಯ ಜಾತಕದಲ್ಲೇ ಇದೆಯೆಂದು ಎರಡು ಉದಾಹರಣೆಗಳಿಂದ ಸಾರ್ವತ್ರಿಕ ನಿಯಮವನ್ನು ಸ್ಥಾಪಿಸಲಾಗಿದೆ.

ಕೊನೆಯ ಆಕ್ಷೇಪ ಮಾತ್ರ ತೂಕದ್ದು. ಸ್ಟ್ರೀಮಿನಲ್ಲಿ ಕೆಳಗಿನವನು ಬೇಡವೆಂದರೆ ಮೇಲಿನವನಿಗೆ ಹೋಗುವುದು ನಾಲ್ಕು ಬೈಟು. ಪೈಠಣಿಯ ಗಿರಾಕಿ ನಡುವೆ ಬೇಡವೆಂದರೆ ನೇಕಾರರ ಮನೆಯಿಂದ ಹೋಗುವುದು ತಿಂಗಳುಗಟ್ಟಲೆ ದುಡಿಮೆ, ಬೆಂಗಳೂರಿನ ರೇಷ್ಮೆ, ಸೂರತ್ತಿನ ಜರಿ. ಅಂದಮೇಲೆ ಮಗ್ಗವೂ ಲೈಬ್ರರಿಯೂ ಒಂದೇ ಶಾಸ್ತ್ರದವು ಎನ್ನುವುದು ಹೇಗೆ? ಒಪ್ಪಬೇಕಾದ ಮಾತು; ಆದರೆ ದೋಷ ಸಿದ್ಧಾಂತದ್ದಲ್ಲ, ಅನುಷ್ಠಾನದ್ದು. ಲೈಬ್ರರಿಯಲ್ಲಿ ಬೇಡಿಕೆ ಯಾವಾಗಲೂ ಮುಂದಾಗಿ, ಎಣಿಸಿ ಬರುತ್ತದೆ; ಕೇಳದ ಬೈಟನ್ನು ಯಾರೂ ಕಳಿಸುವುದಿಲ್ಲ. ಸೀರೆಯ ವ್ಯಾಪಾರದಲ್ಲಿ ಬೇಡಿಕೆ ಹಲವು ಸಲ ಬರೀ ಬಾಯಿಮಾತು, ಸೀಸನ್ನಿನ ಅಂದಾಜು, ಅಂಗಡಿಯವರ ನೋಡೋಣ ಎಂಬ ತಲೆಯಾಟ. ಇದು ಬ್ಯಾಕ್‌ಪ್ರೆಶರ್ ಇಲ್ಲದ ಹರಿವು. ಅದರ ಬಫರ್ ನೇಕಾರರ ಮನೆಯ ಟ್ರಂಕು, ಅದು ತುಂಬಿದಾಗ ಯಾವ ಲಾಗಿನಲ್ಲೂ ದೋಷ ದಾಖಲಾಗುವುದಿಲ್ಲ. ಹೀಗಾಗಿ ಈ ಮೀಮಾಂಸೆ ಎರಡು ವಿಧಿಗಳನ್ನು ಮುಂದಿಡುತ್ತದೆ. ಪ್ರೋಗ್ರಾಮರುಗಳಿಗೆ: ಉತ್ತರದ ಒಡಲನ್ನು ಓದಿ, ಇಲ್ಲವೇ ಎಸೆಯಿರಿ. ಸೀರೆ ಕೊಳ್ಳುವವರಿಗೆ: ರಿಯಾಕ್ಟಿವ್ ಸ್ಟ್ರೀಮ್ಸ್ ಬೇಡಿಕೆಯೆನ್ನುವುದನ್ನು ಪೇಟೆಯಲ್ಲಿ ಅಡ್ವಾನ್ಸ್ ಎನ್ನುತ್ತಾರೆ, ಅದನ್ನು ಹಾಸು ಹೂಡುವ ಮೊದಲೇ ಕೊಡಿ.