ಪೆರು ರಾಯರು

ರಾಯರಿಗೆ ಪೆರು ಹಿಡಿದು ಹನ್ನೊಂದು ವರ್ಷವಾಯಿತು.

ಕುವೈತಿನ ಸಾಲ್ಮಿಯಾದಲ್ಲಿ ಇದೇನೂ ಅಪರೂಪದ ಕಾಯಿಲೆಯಲ್ಲ. ಪ್ರತಿ ಕಟ್ಟಡದಲ್ಲೂ ಒಬ್ಬರಿಗಾದರೂ ಇರುತ್ತದೆ, ದೇಶ ಮಾತ್ರ ಬೇರೆ. ಎದುರು ಕಟ್ಟಡದ ಶೆಟ್ಟರಿಗೆ ನಾರ್ವೆ ಹಿಡಿದಿದೆ. ನಮ್ಮ ಮೂರನೇ ಮಹಡಿಯವರೊಬ್ಬರಿಗೆ ಜಪಾನು. ತಣ್ಣೀರಿನ ನಲ್ಲಿ ತಿರುಗಿಸಿದರೆ ಸುಡುನೀರು ಬಂದು, ಗೀಸರ್ ಆರಿಸಿಟ್ಟು ಅದರೊಳಗೆ ನಿಂತ ನೀರನ್ನೇ ತಣ್ಣೀರೆಂದು ಮೀಯುವ ಕಾಲ ಬರುತ್ತದಲ್ಲ, ಜೂನ್ ಜುಲೈ, ಆಗ ಕಾಯಿಲೆ ಉಲ್ಬಣಿಸುತ್ತದೆ. 2016ರ ಜುಲೈನಲ್ಲಿ ಇದೇ ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು. ಅಂಥ ಬಿಸಿಲಿನಲ್ಲಿ ಮನುಷ್ಯನಿಗೆ ಹಿಮಪರ್ವತ ಕಾಣಿಸದಿದ್ದರೇ ಆಶ್ಚರ್ಯ.

ರಾಯರು ಒಂದು ಕಾಂಟ್ರ್ಯಾಕ್ಟಿಂಗ್ ಕಂಪನಿಯಲ್ಲಿ ಅಕೌಂಟೆಂಟು. ಊರು ತೀರ್ಥಹಳ್ಳಿ ಕಡೆ. ಪೆರು ಪ್ರವಾಸದ ಲೆಕ್ಕವನ್ನು ಅವರು ಎಕ್ಸೆಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಹದಿನಾಲ್ಕು ಹಾಳೆ. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಇಲ್ಲದ ಶಿಸ್ತು ಅದರಲ್ಲಿದೆ. ಲಿಮಾದಲ್ಲಿ ಇಳಿಯುವುದು, ಕುಸ್ಕೊಗೆ ಹಾರುವುದು, ಅಲ್ಲಿ 3,400 ಮೀಟರ್ ಎತ್ತರದ ಗಾಳಿಗೆ ಎದೆ ಒಗ್ಗುವವರೆಗೆ ಎರಡು ದಿನ ಕೋಕಾ ಎಲೆಯ ಕಷಾಯ ಕುಡಿದು ಮಲಗಿರುವುದು. ಆಮೇಲೆ ರೈಲಿನಲ್ಲಿ ಕೆಳಗಿಳಿದು ಮಾಚು ಪಿಚು. ಕೊನೆಗೆ ಅಮೆಜಾನ್ ಕಾಡಿನ ನಡುವಿನ ಇಕಿಟೋಸ್. ‘ಆ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ ಗೊತ್ತಾ, ದೋಣಿ ಇಲ್ಲಾ ವಿಮಾನ’ ಅನ್ನುತ್ತಾರೆ, ತಾವೇ ಆ ರಸ್ತೆ ತಡೆದವರ ಹಾಗೆ.

ಅವರ ಜೊತೆ ಮಸಾಲೆದೋಸೆ ತಿನ್ನಲು ಹೋಗಬಾರದು. ಶುಕ್ರವಾರ ಬೆಳಗ್ಗೆ ಹೋಟೆಲಿನಲ್ಲಿ ಎಲ್ಲರೂ ದೋಸೆ ಮುರಿದರೆ ರಾಯರು ಅದನ್ನು ಬಿಡಿಸಿ ಪಲ್ಯದ ಕಡೆ ಬೆರಳು ತೋರಿಸುತ್ತಾರೆ. ‘ಇದು ಪೆರುವಿನದು. ಆಲೂಗಡ್ಡೆ ಹುಟ್ಟಿದ್ದೇ ಅಲ್ಲಿ. ಕೆಂಪು ಚಟ್ನಿಯ ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ. ಅವರಿಲ್ಲದಿದ್ದರೆ ನೀವು ಖಾಲಿ ದೋಸೆ ತಿನ್ನಬೇಕಿತ್ತು.’ ಮಾತು ಸುಳ್ಳಲ್ಲ. ಅದೇ ತೊಂದರೆ. ಬರೀ ಬುರುಡೆಯಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು.

ಮೂರು ವರ್ಷದ ಹಿಂದೆ ಅವರಿಗೆ ಬೆಟ್ಟ ಹತ್ತುವ ಅಭ್ಯಾಸ ಆಗಬೇಕು ಅನ್ನಿಸಿತು. ಆದರೆ ಬೆಟ್ಟ ಎಲ್ಲಿಂದ ತರುವುದು? ಕುವೈತಿನಲ್ಲಿ ಜನ ಬೆಟ್ಟವೆಂದು ನೋಡಲು ಹೋಗುವ ಮುತ್ಲಾ ದಿಣ್ಣೆಯ ಎತ್ತರ ಸುಮಾರು 145 ಮೀಟರ್. ಅದಕ್ಕೇ ರಾಯರು ನಮ್ಮ ಎಂಟು ಮಹಡಿಯ ಕಟ್ಟಡವನ್ನೇ ಆಂಡಿಸ್ ಎಂದುಕೊಂಡರು. ಮಗನ ಸ್ಕೂಲ್ ಬ್ಯಾಗಿಗೆ ಹತ್ತು ಕಿಲೋ ಸೋನಾ ಮಸೂರಿ ತುಂಬಿಕೊಂಡು ದಿನಾ ರಾತ್ರಿ ಮೆಟ್ಟಿಲು ಹತ್ತಿ ಇಳಿಯತೊಡಗಿದರು. ಕಟ್ಟಡ ಕಾಯುವ ಹಾರಿಸ್ ನಾಲ್ಕು ದಿನ ನೋಡಿದ. ಐದನೇ ದಿನ ನನ್ನನ್ನು ಪಕ್ಕಕ್ಕೆ ಕರೆದು, ‘ನಿಮ್ಮ ರಾಯರು ಬಾಡಿಗೆ ಬಾಕಿ ಇಟ್ಟು ಸಾಮಾನು ಸಾಗಿಸುತ್ತಿದ್ದಾರಾ?’ ಎಂದು ಪಿಸುಗುಟ್ಟಿದ. ಲಿಫ್ಟ್ ಸರಿಯಿರುವಾಗ ಮೆಟ್ಟಿಲು ಹತ್ತುವ ಮನುಷ್ಯನನ್ನು ಅವನು ಅದೇ ಮೊದಲು ಕಂಡದ್ದು. ಅಲ್ಲಿಗೆ ತರಬೇತಿ ನಿಂತಿತು. ಅಕ್ಕಿ ಅಡುಗೆಮನೆಗೆ ಹೋಯಿತು.

ಸಂಜೆ ನಾವಿಬ್ಬರೂ ಗಲ್ಫ್ ರೋಡಿನ ಬದಿ ನಡೆಯುತ್ತೇವೆ. ನಡೆಯುವಾಗ ಅವರು ಇಂಕಾಗಳ ಕಲ್ಲುಕಟ್ಟಣೆಯ ಬಗ್ಗೆ ಹೇಳುತ್ತಾರೆ. ಗಾರೆಯಿಲ್ಲದೆ ಕೂರಿಸಿದ ಕಲ್ಲು, ನಡುವೆ ಬ್ಲೇಡೂ ತೂರದು. ಮಾಚು ಪಿಚುವನ್ನು ಹೈರಮ್ ಬಿಂಗಮ್ 1911ರಲ್ಲಿ ಹೋಗಿ ಜಗತ್ತಿಗೆ ತೋರಿಸಿದ, ಸ್ಥಳೀಯ ರೈತರಿಗೆ ಮೊದಲೇ ಗೊತ್ತಿತ್ತು. ಒಮ್ಮೆ ನಾನು ಸಮುದ್ರದ ಕಡೆ ಕೈ ತೋರಿಸಿ, ‘ರಾಯರೇ, ಹಾಳು ಪಟ್ಟಣ ಅಲ್ಲೇ ಇದೆಯಲ್ಲ’ ಅಂದೆ. ಫೈಲಕಾ ದ್ವೀಪ. ತೀರದಿಂದ ಇಪ್ಪತ್ತು ಕಿಲೋಮೀಟರ್. ನಾಲ್ಕು ಸಾವಿರ ವರ್ಷ ಹಿಂದಿನ ದಿಲ್ಮುನ್ ಕಾಲದ ಮುದ್ರೆಗಳು, ಗ್ರೀಕರು ಇಕಾರೊಸ್ ಎಂದು ಕರೆದ ಊರಿನ ಕೋಟೆ, ಗುಡಿ. 1958ರಲ್ಲಿ ಡೆನ್ಮಾರ್ಕಿನವರು ಬಂದು ಅಗೆದರು. 1990ರ ಯುದ್ಧದಲ್ಲಿ ಅಲ್ಲಿದ್ದ ಜನರೂ ಖಾಲಿಯಾಗಿ ಹಾಳಿನ ಪಕ್ಕ ಇನ್ನೊಂದು ಹಾಳು ಸೇರಿಕೊಂಡಿತು. ರಾಯರು ಕಣ್ಣು ಕಿರಿದು ಮಾಡಿ ನೋಡಿದರು. ‘ಹೋಗೋಣ, ಮುಂದಿನ ಶುಕ್ರವಾರ.’ ಅವರು ಕುವೈತಿಗೆ ಬಂದು ಇಪ್ಪತ್ತನಾಲ್ಕು ವರ್ಷ. ಎಷ್ಟು ಶುಕ್ರವಾರ ಎಂದು ಲೆಕ್ಕ ಹಾಕುವುದು ಅಕೌಂಟೆಂಟರ ಕೆಲಸ, ನನ್ನದಲ್ಲ.

ರಜೆ ಅವರಿಗೂ ಇದೆ, ವರ್ಷಕ್ಕೆ ಮೂವತ್ತು ದಿನ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಪೆರುವಿನ ಬೆಟ್ಟಗಳಲ್ಲಿ ಮಳೆಯಿಲ್ಲದ ಕಾಲ, ಮಕ್ಕಳ ಶಾಲೆಗೂ ಆಗಲೇ ಬಿಡುವು. ದೇವರೇ ಕೂಡಿಸಿದ ಮುಹೂರ್ತ. ಆದರೆ ದೇವರು ಅದೇ ತಿಂಗಳಿಗೆ ಅಡಿಕೆಗೆ ಕೊಳೆರೋಗವನ್ನೂ ಇಟ್ಟಿದ್ದಾನೆ. ಬೋರ್ಡೋ ಹೊಡೆಯಲು ಕೊನೆಗಾರ ಸಿಗುವುದಿಲ್ಲ. ಜಮೀನಿನ ಪೋಡಿಗೆ ಸರ್ವೆಯವರು ಇಂದು ಬರುತ್ತಾರೆ, ನಾಳೆ ಬರುತ್ತಾರೆ. ಅಮ್ಮನ ಕಣ್ಣಿನ ಪೊರೆ. ಹೀಗೆ ಪ್ರತಿ ಸಲ ಎಕ್ಸೆಲ್ಲಿನಲ್ಲಿ ಇಸವಿ ಮಾತ್ರ ಬದಲಾಗುತ್ತದೆ, ರಾಯರು ಆಗುಂಬೆ ಮಳೆಯಲ್ಲಿ ಛತ್ರಿ ಹಿಡಿದು ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತುತ್ತಿರುತ್ತಾರೆ.

ಅಮ್ಮ ಒಮ್ಮೆ ಕೇಳಿದರಂತೆ, ‘ಅದೆಂಥದೋ ಪೆರು ಪೆರು ಅಂತೀಯಲ್ಲ, ಏನಿದೆ ಅಲ್ಲಿ?’

‘ಗುಡ್ಡ ಅಮ್ಮ. ಗುಡ್ಡದ ಮೇಲೆ ಹಾಳು ಕೋಟೆ. ಸುತ್ತ ಮಳೆಕಾಡು.’

ಅಮ್ಮ ಅಂಗಳದಾಚೆಗೆ ಕವಲೇದುರ್ಗದ ದಿಕ್ಕಿಗೆ ಒಂದು ಸಲ ನೋಡಿ, ‘ಹಂಗಾರೆ ಅಲ್ಲಿ ಇಂಬಳ ಇಲ್ವೇನೋ’ ಅಂದರಂತೆ.

ಕೆಳದಿ ನಾಯಕರ ಆ ಕೋಟೆಗೆ ರಾಯರು ಹೋದದ್ದು ಒಮ್ಮೆ, ಏಳನೇ ಕ್ಲಾಸಿನಲ್ಲಿ. ಅರಮನೆಯ ಕಲ್ಲು ಜಗಲಿಯ ಮೇಲೆ ಕೂತು ಚಿತ್ರಾನ್ನ ತಿಂದದ್ದು ಬಿಟ್ಟರೆ ಏನೂ ನೆನಪಿಲ್ಲ.

ಹೀಗಿರುವಾಗ ಎರಡನೇ ಮಹಡಿಯ ನರ್ಸ್ ಹುಡುಗಿ, ಹಾಸನದವಳು, ಮತ್ತಿಬ್ಬರು ಗೆಳತಿಯರ ಜೊತೆ ನಿಜಕ್ಕೂ ಪೆರುವಿಗೆ ಹೊರಟುಬಿಟ್ಟಳು. ರಾಯರ ಹದಿನಾಲ್ಕು ಹಾಳೆ ಹಿಡಿದುಕೊಂಡೇ ಹೋದಳು. ರಾಯರು ಹದಿನೈದು ದಿನ ಎರಡು ಗಡಿಯಾರ ನೋಡಿಕೊಂಡು ಬದುಕಿದರು. ಲಿಮಾ ನಮಗಿಂತ ಎಂಟು ಗಂಟೆ ಹಿಂದೆ. ಮಧ್ಯಾಹ್ನ ಆಫೀಸಿನಿಂದ ಫೋನ್ ಮಾಡಿ, ‘ಈಗ ಅವಳು ರೈಲು ಹತ್ತಿರಬೇಕು’ ಅನ್ನುತ್ತಿದ್ದರು. ಒಂದೇ ಕೊರಗು: ಅವಳಿಗೆ ರಜೆ ಸಿಕ್ಕಿದ್ದು ನವೆಂಬರಿನಲ್ಲಿ, ಮಳೆ ಶುರುವಾಗುವ ಹೊತ್ತಿಗೆ.

ಬಂದ ಮರುದಿನವೇ ಮೌಖಿಕ ಪರೀಕ್ಷೆ. ಚಹಾ ಕೊಟ್ಟು ಕೂರಿಸಿ ಕೇಳಿದರು, ‘ಇಂಟಿಹುವಾಟಾನ ಕಲ್ಲು ನೋಡಿದೆಯಾ?’

‘ಮಂಜು ಸರ್. ಏನೂ ಕಾಣಲಿಲ್ಲ. ಒಂದು ಲಾಮಾ ಕಂಡಿತು, ಅದೂ ಹತ್ತಿರ ಬಂದಿದ್ದಕ್ಕೆ.’

‘ಹುವಾಯ್ನಾ ಪಿಚು ಶಿಖರ?’

‘ಎದುರಿಗೇ ಇದೆ ಅಂದರು ಸರ್.’

ರಾಯರು ತಡೆಯಲಾರದೆ ಎದ್ದು ನಿಂತರು. 2,430 ಮೀಟರ್ ಎತ್ತರದಲ್ಲಿ ನೀನು ನಿಂತಿದ್ದೆ, ಕಾವಲುಗಾರರ ಮನೆಯ ಹತ್ತಿರ, ಕೆಳಗೆ ಬೇಸಾಯದ ಮೆಟ್ಟಿಲುಗಳು, ಬಲಗಡೆ ಬುಡದಲ್ಲಿ ಉರುಬಾಂಬಾ ನದಿ ಹಾವಿನಂತೆ ಬೆಟ್ಟ ಸುತ್ತುತ್ತದೆ, ಬಿಸಿಲು ಸೂರ್ಯನ ಗುಡಿಯ ಕಿಟಕಿಗೆ ಬರುತ್ತದೆ... ಸೋಫಾ ಬೇಸಾಯದ ಮೆಟ್ಟಿಲಾಯಿತು, ಟೀಪಾಯಿ ಗುಡಿಯಾಯಿತು, ಫ್ರಿಜ್ಜು ಹುವಾಯ್ನಾ ಪಿಚು. ಮುಕ್ಕಾಲು ಗಂಟೆ. ಹುಡುಗಿಯ ಚಹಾ ಆರಿಹೋಯಿತು. ಕೊನೆಗೆ ಅವಳು ಭಕ್ತಿಯಿಂದ ಅಂದಳು, ‘ಅಷ್ಟೊಂದು ಚೆನ್ನಾಗಿದೆಯಾ ಸರ್? ಒಂದು ಸಲ ಹೋಗಲೇಬೇಕು ಹಾಗಾದರೆ.’

ಅವಳು ಅಲ್ಲಿಂದ ತಂದ ಲಾಮಾ ಮ್ಯಾಗ್ನೆಟ್ ಈಗ ರಾಯರ ಫ್ರಿಜ್ಜಿನ ಮೇಲಿದೆ. ಮನೆಗೆ ಬಂದವರು ನೋಡಿ ‘ಓ, ಪೆರುವಿಗೆ ಯಾವಾಗ ಹೋಗಿದ್ದಿರಿ?’ ಎಂದು ಕೇಳುತ್ತಾರೆ. ರಾಯರು ಸುಳ್ಳು ಹೇಳುವವರಲ್ಲ. ‘ಕುಸ್ಕೊದಲ್ಲಿ ಎರಡು ದಿನ ಸುಮ್ಮನೆ ಮಲಗಿರಬೇಕು ನೋಡಿ, ಅದು ಬಹಳ ಮುಖ್ಯ’ ಅನ್ನುತ್ತಾರೆ. ಒಳಗಿನಿಂದ ಅವರ ಹೆಂಡತಿ ಕೆಮ್ಮುತ್ತಾರೆ.

ಆ ಲಾಮಾದ ಕಾಲ ಕೆಳಗೆ ಒಂದು ಚೀಟಿ ಸಿಕ್ಕಿಸಿದ್ದಾರೆ. ಜುಲೈ ರಜೆಗೆ ಊರಿಗೆ ಒಯ್ಯಬೇಕಾದ್ದು: ಟ್ಯಾಂಗ್ ಎರಡು ಡಬ್ಬ, ಬಾದಾಮಿ, ಖರ್ಜೂರ, ಅಮ್ಮನ ಮಂಡಿಗೆ ಟೈಗರ್ ಬಾಮ್, ಸರ್ವೆಯವರಿಗೆ ಒಂದು ಸೆಂಟ್ ಬಾಟ್ಲಿ.