ಡಬಲ್ ಮಾಮಾ

ಹೈದರಾಬಾದಿನ ಕಾಚಿಗೂಡದ ಕನ್ನಡದವರ ಮನೆಗೆ ಹೊಸ ಕಂಪ್ಯೂಟರ್ ಬಂತೆಂದರೆ, ಅದಕ್ಕೆ ಕುಂಕುಮ ಹಚ್ಚುವ ಮೊದಲೇ ಡಬಲ್ ಮಾಮಾನಿಗೆ ಹೇಳಿಕಳಿಸಬೇಕು. ಹೇಳಿಕಳಿಸದಿದ್ದರೂ ಬರುತ್ತಾರೆ. ಇಂಥ ಮಾಮಾ ಒಬ್ಬರೇ ಅಲ್ಲ. ರಾಯಚೂರು, ಕಲಬುರಗಿ, ಬೀದರಿನಿಂದ ರೈಲು ಹತ್ತಿ ಬಂದು, ಅಮೀರ್‌ಪೇಟೆಯ ಮೈತ್ರಿವನಂ ಸುತ್ತಮುತ್ತಲ ಕೋಚಿಂಗ್ ಸೆಂಟರುಗಳಲ್ಲಿ ಲಿನಕ್ಸ್ ಕಲಿತು, 1998ರಲ್ಲಿ ಸೈಬರ್ ಟವರ್ಸ್ ಎದ್ದಮೇಲೆ ಹೈಟೆಕ್ ಸಿಟಿಯಲ್ಲಿ ನೌಕರಿ ಹಿಡಿದ ತಲೆಮಾರಿನಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಚಪ್ಪಲಿ ಬಿಡುವಾಗಲೇ ಕೇಳುತ್ತಾರೆ: "ರ‍್ಯಾಮ್ ಎಷ್ಟದ?" ನೀವು ಏನೇ ಹೇಳಿ, ತೀರ್ಪು ಬದಲಾಗದು: "ಹಂಗಾದ್ರ ಸ್ವಾಪ್ ಅದರ ಡಬಲ್ ಇಡ್ರಿ."

ಸ್ವಾಪ್ ಎಂದರೆ ಇಷ್ಟೇ: ರ‍್ಯಾಮ್ ತುಂಬಿ ಬಂದಾಗ, ಸದ್ಯಕ್ಕೆ ಬೇಡವಾದದ್ದನ್ನು ಅಟ್ಟಕ್ಕೆ ಹಾಕಿದಂತೆ ಡಿಸ್ಕಿನ ಮೂಲೆಗೆ ಸಾಗಿಸುವ ಏರ್ಪಾಡು. ಆ ಮೂಲೆ ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೆ ಮಾಮಾ ಅರ್ಧ ಆಯುಷ್ಯ ಸವೆಸಿದ್ದಾರೆ.

ಅವರದು ಬುಡವಿಲ್ಲದ ಮಾತು ಎಂದರೆ ಅನ್ಯಾಯವಾದೀತು. ರ‍್ಯಾಮ್ ಮೆಗಾಬೈಟಿನ ಲೆಕ್ಕದಲ್ಲಿ ಬರುತ್ತಿದ್ದ ಕಾಲದಲ್ಲಿ ಡಿಸ್ಕೇ ಅಗ್ಗ. ಅಲ್ಲದೆ 2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4 ಕರ್ನಲ್, ಸ್ವಾಪಿಗೆ ಹೋದದ್ದು ರ‍್ಯಾಮಿಗೆ ಮರಳಿದರೂ ಅದರ ಹಳೇ ಜಾಗವನ್ನು ಖಾಲಿ ಮಾಡುತ್ತಿರಲಿಲ್ಲ. ಹಾಗಾಗಿ ಕರ್ನಲ್ ಬರೆದವರೇ ಡಬಲ್ ಇಡಿ ಎಂದಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 2.4.10 ಬಂದು, ಮೆಮೊರಿ ನೋಡಿಕೊಳ್ಳುವ ಕ್ರಮವನ್ನೇ ಬದಲಿಸಿತು. ಆದರೆ ಸೆಪ್ಟೆಂಬರಿನ ಹೊತ್ತಿಗೆ ಮಾಮಾನ ಕೋರ್ಸ್ ಮುಗಿದಿತ್ತು.

ಮೊನ್ನೆ ತಂಗಿಯ ಮಗಳು ಲ್ಯಾಪ್‌ಟಾಪ್ ಕೊಂಡಳು. ರ‍್ಯಾಮ್ 32 ಜಿಬಿ, ಎಸ್‌ಎಸ್‌ಡಿ 256. ಮಾಮಾ ಕನ್ನಡಕ ಏರಿಸಿ 64 ಜಿಬಿಯನ್ನು ಸ್ವಾಪಿಗೆ ಬರೆದುಕೊಟ್ಟರು. ಉಬುಂಟು 2017ರಿಂದಲೇ ಪ್ರತ್ಯೇಕ ಪಾರ್ಟಿಷನ್ ಬಿಟ್ಟು ಸ್ವಾಪ್ ಫೈಲಿಗೆ ಹೊರಳಿದೆ ಎಂದು ಹುಡುಗಿ ಹೇಳಿ ನೋಡಿದಳು. "ಫೈಲ್ ಅಂದ್ರ ಯಾರರ ಡಿಲೀಟ್ ಮಾಡ್ತಾರವ್ವ. ಪಾರ್ಟಿಷನ್ ಅಂದ್ರ ಪಟ್ಟಾ ಜಮೀನ!"

"ಇಷ್ಟ್ಯಾಕ ಮಾಮಾ?"

"ಹೈಬರ್ನೇಟ್ ಮಾಡ್ಬೇಕಲ್ಲ?"

ಇದೊಂದು ಮಾತಿನಲ್ಲಿ ಮಾಮಾ ಸರಿ. ಹೈಬರ್ನೇಟ್ ಮಾಡಿದರೆ ರ‍್ಯಾಮಿನಲ್ಲಿರುವುದೆಲ್ಲ ಡಿಸ್ಕಿಗೆ ಇಳಿಯಬೇಕು, ಸ್ವಾಪ್ ದೊಡ್ಡದೇ ಇರಬೇಕು. ಆದರೆ ಹುಡುಗಿ ಹೈಬರ್ನೇಟ್ ಮಾಡಿದವಳೇ ಅಲ್ಲ, ಮುಚ್ಚಳ ಮುಚ್ಚಿ ಎದ್ದು ಹೋಗುವವಳು. ಅವಳು ಫೋನಿನಲ್ಲಿ ರೆಡ್ ಹ್ಯಾಟಿನ ಕೋಷ್ಟಕ ತೆಗೆದು ತೋರಿಸಿದಳು. 2 ಜಿಬಿ ತನಕ ಡಬಲ್, 8 ಜಿಬಿ ತನಕ ರ‍್ಯಾಮಿನಷ್ಟೇ, ಅದರಾಚೆ 64 ಜಿಬಿ ತನಕ ಕನಿಷ್ಠ 4 ಇದ್ದರಾಯಿತು. ಮಾಮಾ ಫೋನ್ ಇಸಿದುಕೊಂಡು ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು. ಉಳಿದ ಸಾಲುಗಳ ಮೇಲೆ ಅವರ ಹೆಬ್ಬೆರಳಿತ್ತು.

ತಿಂಗಳು ಬಿಟ್ಟು ತಪಾಸಣೆಗೆ ಬಂದು 'ಫ್ರೀ' ಕಮಾಂಡ್ ಹೊಡೆದರು. ಸ್ವಾಪ್: ಒಟ್ಟು 64, ಬಳಕೆ ಸೊನ್ನೆ. ಅವರ ಮುಖ ಅರಳಿತು. "ನೋಡು, ಒಂದು ಕೆಬಿನೂ ಮುಟ್ಟಿಲ್ಲ. ಎಷ್ಟು ಸೇಫ್!" ಅಷ್ಟರಲ್ಲಿ ಹುಡುಗಿ ಜಾಗ ಸಾಲದೆ ಅಕ್ಕನ ಮದುವೆಯ ವಿಡಿಯೋ ಅಳಿಸಿ ಆಗಿತ್ತು.

ಮಾಮಾನಿಗೆ ಒಬ್ಬ ವೈರಿಯಿದ್ದಾನೆ. ಗಚ್ಚಿಬೌಲಿಯಲ್ಲಿರುವ ಅಳಿಯ, ಸ್ವಾಪೇ ಬೇಡ ಎಂಬ ಪಂಥದವನು. ಒಂದು ಸಂಜೆ ಅವನ ರ‍್ಯಾಮ್ ತುಂಬಿ, ಬೇರೆ ದಾರಿ ಕಾಣದ ಕರ್ನಲ್, ದಿನವಿಡೀ ಓಡುತ್ತಿದ್ದ ಪ್ರೋಗ್ರಾಮನ್ನೇ ಕೊಂದುಹಾಕಿತು. ಸುದ್ದಿ ಕೇಳಿದ ಮಾಮಾ ಎರಡು ಬಟ್ಟಲು ಡಬಲ್ ಕಾ ಮೀಠಾ ತಿಂದರು. ಇಬ್ಬರಿಗೂ 4 ಜಿಬಿಯ ಮೇಲೆ ರಾಜಿ ಮಾಡಿಸಬಹುದು. ಆದರೆ ಇಬ್ಬರೂ ಆಡಲು ಬೇರೆ ಮಾತಿಲ್ಲದ ಮನುಷ್ಯರು, ಪಾಪ.

ಇತ್ತೀಚೆಗೆ ಮಾಮಾನಿಗೆ ಶುಕ್ರದೆಸೆ. ಆಬಿಡ್ಸ್‌ನ ಜಗದೀಶ್ ಮಾರ್ಕೆಟಿನ ಮೊಬೈಲ್ ಅಂಗಡಿಗಳಲ್ಲಿ '8+8 ಜಿಬಿ ರ‍್ಯಾಮ್' ಎಂಬ ಪೋಸ್ಟರ್ ಕಂಡಿದೆ. ಎರಡನೆಯ ಎಂಟು ರ‍್ಯಾಮೇ ಅಲ್ಲ, ಸ್ಟೋರೇಜಿನಿಂದ ಕಿತ್ತುಕೊಟ್ಟ ಸ್ವಾಪ್ ಎಂಬುದನ್ನು ಗುರುತಿಸಲು ಅವರಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ನೆಂಟರಿಷ್ಟರನ್ನೆಲ್ಲ ಕರೆದೊಯ್ದು ತೋರಿಸಿದರು. "ಇಷ್ಟು ದಿನ ನನಗ ಹುಚ್ಚ ಅಂತಿದ್ರಿ!" ಆಮೇಲೆ ಪೋಸ್ಟರನ್ನು ಇನ್ನೊಮ್ಮೆ ಓದಿ ಹುಬ್ಬು ಗಂಟಿಕ್ಕಿ, ಅಂಗಡಿಯ ಹುಡುಗನನ್ನು ತರಾಟೆಗೆ ತೆಗೆದುಕೊಂಡರು: "ಆಠ್ ಪೆ ಆಠ್ ನಕ್ಕೋ ಭಾಯಿ, ಆಠ್ ಪೆ ಸೋಲಾ ಹೋನಾ!"

"ಹೌ ಚಚಾ," ಎಂದ ಹುಡುಗ, ತಲೆ ಎತ್ತದೆ. "ಪರಸೋಂ ಆವ್, ಮಂಗಾ ದೇತೂಂ."